ಕತ್ತಲೆಯಲ್ಲಿ ಕಂಡ ಸಕ್ಕರೆ

ನಮ್ಮ ಮನೆಯ ಸೂಕ್ಷ್ಮದರ್ಶಕ ಮೂರು ವರ್ಷ ಅಟ್ಟದ ಮೇಲಿತ್ತು. ಮಗಳು ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದಾಗ ಕೊಂಡದ್ದು. ಈರುಳ್ಳಿಯ ಪೊರೆ, ಸೊಳ್ಳೆಯ ರೆಕ್ಕೆ, ಕಾಫಿ ಹೂವಿನ ಪರಾಗ, ಬಾವಿಯ ನೀರು ಎಂದು ನೋಡಬೇಕಾದುದನ್ನೆಲ್ಲ ನೋಡಿ ಮುಗಿಸಿದೆವೆಂಬ ತೃಪ್ತಿಯಲ್ಲಿ ಅವಳು ಮೈಸೂರಿಗೆ ಹೋದಳು, ಅದು ಅಟ್ಟಕ್ಕೆ ಹೋಯಿತು. ಮಡಿಕೇರಿಯ ಮಳೆಗಾಲ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಯಾವುದನ್ನೂ ಬಿಡದೆ ಬೂಷ್ಟು ಹಿಡಿಸುವಂತೆ ಮಸೂರಗಳಿಗೂ ಹಿಡಿಸುತ್ತದೆಯಾದ್ದರಿಂದ, ಈ ವರ್ಷ ಕಕ್ಕಡ ಮಾಸ ಹುಟ್ಟುತ್ತಲೇ ಅದನ್ನು ಕೆಳಗಿಳಿಸಿ ನೋಡಿದೆ. ಪೆಟ್ಟಿಗೆಯೊಳಗಿದ್ದ ಸಿಲಿಕಾ ಜೆಲ್ ಪೊಟ್ಟಣಗಳು ಅದನ್ನು ಕಾಪಾಡಿದ್ದವು. ಇಳಿಸಿದ್ದನ್ನು ಹಾಗೆಯೇ ಮತ್ತೆ ಏರಿಸಲು ಮನಸ್ಸು ಬಾರದೆ, ಬಹಳ ದಿನಗಳಿಂದ ತಲೆಯಲ್ಲಿದ್ದ ಒಂದು ಕೆಲಸಕ್ಕೆ ಕೈಹಾಕಿದೆ: ಅದಕ್ಕೆ ಎರಡು ಪೋಲರೈಸಿಂಗ್ ಫಿಲ್ಟರುಗಳನ್ನು ಕೂರಿಸುವುದು.

ಸಾಮಾನ್ಯ ಬೆಳಕಿನ ಅಲೆ ತಾನು ಸಾಗುವ ದಾರಿಗೆ ಅಡ್ಡವಾಗಿ ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತದೆ. ಫಿಲ್ಟರು ಅವುಗಳಲ್ಲಿ ಒಂದೇ ದಿಕ್ಕಿನ ಕಂಪನವನ್ನು ಆಚೆಗೆ ಬಿಡುತ್ತದೆ. ಮೊದಲನೆಯದಕ್ಕೆ ಅಡ್ಡವಾಗಿ ಎರಡನೆಯ ಫಿಲ್ಟರನ್ನು ಹಿಡಿದರೆ ಆ ಒಂದು ದಿಕ್ಕಿನದಕ್ಕೂ ದಾರಿ ಇಲ್ಲದೆ ಕತ್ತಲಾಗುತ್ತದೆ. ಆದರೆ ಇವೆರಡರ ನಡುವೆ, ಬೆಳಕನ್ನು ಎರಡಾಗಿ ಸೀಳಿ ಬೇರೆ ಬೇರೆ ವೇಗದಲ್ಲಿ ಸಾಗಿಸುವ ಹರಳೊಂದು ಬಂದು ಕೂತಿತೆಂದರೆ, ಅದರೊಳಗೆ ಹಾದುಬಂದ ಬೆಳಕು ತನ್ನ ಕಂಪನದ ರೀತಿಯನ್ನು ಬದಲಿಸಿಕೊಂಡು ಮೇಲಿನ ಫಿಲ್ಟರಿನಿಂದ ನುಸುಳಿ ಬರುತ್ತದೆ. ಸುತ್ತಲೂ ಅಮಾವಾಸ್ಯೆ, ನಡುವೆ ಆ ಹರಳೊಂದೇ ದೀಪ.

ಶಿಲೆಗಳನ್ನು ಪರೀಕ್ಷಿಸುವವರ ಸೂಕ್ಷ್ಮದರ್ಶಕದಲ್ಲಿ ಈ ಏರ್ಪಾಟು ಮೊದಲೇ ಇರುತ್ತದೆ. ಅದರ ಬೆಲೆ ಕೇಳಿದರೆ ಆ ವರ್ಷದ ಕಾಳುಮೆಣಸಿನ ಹಣ ನೆನಪಾಗುತ್ತದೆ. ನನ್ನ ಬಳಿ ಇದ್ದದ್ದು ಸತ್ತುಹೋದ ಒಂದು ಕ್ಯಾಲ್ಕುಲೇಟರು. ಅದರ ಪರದೆಯ ಎರಡು ಮಗ್ಗುಲಿಗೂ ಇಂತಹ ಫಿಲ್ಮು ಅಂಟಿರುತ್ತದೆಂದು ತಿಳಿದಿದ್ದರಿಂದ, ಬ್ಲೇಡಿನ ತುದಿಯಿಂದ ಒಂದು ಸಂಜೆಯೆಲ್ಲ ಕೆರೆದು ಎರಡನ್ನೂ ಎಬ್ಬಿಸಿದೆ. ಹಿಂಬದಿಯ ಫಿಲ್ಮಿಗೆ ಬೆಳ್ಳಿಬಣ್ಣದ ಪ್ರತಿಫಲಕವೊಂದು ಬಿಡಿಸಲಾಗದಂತೆ ಅಂಟಿಕೊಂಡಿತ್ತು. ಮುಂಬದಿಯದರ ಮೇಲೆ ಉಳಿದ ಅಂಟು ನನ್ನ ಬೆರಳಚ್ಚನ್ನು ಶಾಶ್ವತವಾಗಿ ದಾಖಲಿಸಿಕೊಂಡಿತು. ಅನಂತರ ಸಿನಿಮಾ ನೋಡಲು ಹೋದಾಗ ತಂದಿದ್ದ ತ್ರೀಡಿ ಕನ್ನಡಕದ ಗಾಜುಗಳನ್ನು ಕಿತ್ತು ಒಂದರ ಮೇಲೊಂದಿಟ್ಟರೆ, ಎಷ್ಟು ತಿರುಗಿಸಿದರೂ ಸರಿಯಾದ ಕತ್ತಲೆ ಬರಲೊಲ್ಲದು. ಅವುಗಳ ಹೊರಮೈಗೆ ಇನ್ನೊಂದು ಪದರವಿರುತ್ತದೆ, ಕಣ್ಣಿನ ಕಡೆಗಿರುವ ಮುಖಗಳನ್ನು ಎದುರುಬದುರಾಗಿ ಇಡಬೇಕು ಎಂಬುದು ಹೊಳೆಯುವ ಹೊತ್ತಿಗೆ ಒಂದು ಗಾಜನ್ನು ನಾನು ತುಳಿದಾಗಿತ್ತು. ಕೊನೆಗೆ ಅಂಗೈಯಗಲದ ಪೋಲರೈಸಿಂಗ್ ಹಾಳೆಯೊಂದನ್ನು ಮುನ್ನೂರು ಚಿಲ್ಲರೆ ರೂಪಾಯಿಗೆ ತರಿಸಿಕೊಂಡೆ. ಮೊದಲೇ ಈ ಕೆಲಸ ಮಾಡಬಹುದಾಗಿತ್ತೆಂದು ಮನೆಯವಳು ಹೇಳಿದಳು. ಹೌದು, ಮಾಡಬಹುದಾಗಿತ್ತು.

ಕೂರಿಸುವುದೇನೂ ಕಷ್ಟವಲ್ಲ. ದೀಪದ ಮೇಲೆ ಬೆಳಕನ್ನು ಒಟ್ಟುಗೂಡಿಸುವ ಮಸೂರವಾದ ಕಂಡೆನ್ಸರಿನ ಕೆಳಗೆ ನೀಲಿ ಗಾಜು ಇಡಲೆಂದು ಒಂದು ಉಂಗುರವಿರುತ್ತದೆ. ಆ ನೀಲಿ ಗಾಜಿನ ಅಳತೆಗೆ ಹಾಳೆಯನ್ನು ಕತ್ತರಿಸಿ ಅಲ್ಲಿ ಹಾಕಿದೆ. ಇನ್ನೊಂದು ತುಂಡು ಮೇಲೆ ಬೇಕು. ಐಪೀಸಿನ ಮೇಲೆಯೇ ಇಟ್ಟರೆ ಕಣ್ಣು ದೂರವಾಗಿ ನೋಟ ಕಿರಿದಾಗುವುದರಿಂದ, ಒಂದು ತಿರುಪನ್ನು ಸಡಿಲಿಸಿ ಸೂಕ್ಷ್ಮದರ್ಶಕದ ತಲೆಯನ್ನೇ ಎತ್ತಿ, ಅದು ಕೂರುವ ಅಂಚಿನೊಳಗೆ ಮಲಗಿಸಿದೆ. ಕೆಳಗಿನ ಉಂಗುರವನ್ನು ಬೆರಳಿನಿಂದ ಮೆಲ್ಲನೆ ತಿರುಗಿಸುತ್ತ ಹೋದಂತೆ, ಬೆಳ್ಳಗಿದ್ದ ವೃತ್ತ ಬೂದಿಯಾಗಿ, ಬೂದಿ ಇದ್ದಿಲಾಗಿ, ಇದ್ದಿಲು ಕತ್ತಲೆಯಾಯಿತು.

ಮೊದಲು ಇಟ್ಟದ್ದು ಉಪ್ಪು ಮತ್ತು ಸಕ್ಕರೆ, ಎರಡರದೂ ಒಂದೊಂದು ಚಿಟಿಕೆ, ಒಂದೇ ಸ್ಲೈಡಿನ ಮೇಲೆ ಬೆರೆಸಿ. ಉಪ್ಪು ಮಾಯ! ಅದರ ಹರಳಿನೊಳಗೆ ಬೆಳಕಿಗೆ ಎಲ್ಲ ದಿಕ್ಕೂ ಒಂದೇ ಆಗಿರುವುದರಿಂದ, ಕತ್ತಲೆಯಲ್ಲಿ ಅದೂ ಕತ್ತಲೆಯಾಗಿ ಕೂತಿತ್ತು. ಸಕ್ಕರೆಯ ಕಣಗಳೋ ಬೆಳ್ಳಿಯ ತುಂಡುಗಳಂತೆ ಉರಿಯುತ್ತಿದ್ದವು; ಮುರಿದು ತೆಳುವಾದ ಅಂಚುಗಳಲ್ಲಿ ಮಾತ್ರ ಹಳದಿ, ಕೆನ್ನೀಲಿ, ಹಸಿರುಗಳು ಬಳೆಯಂಗಡಿಯ ಹಾಗೆ ಸಾಲುಗಟ್ಟಿದ್ದವು. ಅಮ್ಮನನ್ನು ಕರೆದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, “ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ತಿಳಿಯೋದಕ್ಕೆ ನಾಲಿಗೆ ಇತ್ತಲ್ಲೋ ಮಗಾ,” ಎಂದರು.

ಈ ಫಿಲ್ಮಿನ ಪೂರ್ವಜ ಹುಟ್ಟಿದ ಕಥೆಯೂ ನಾಲಿಗೆಗೆ ಅಷ್ಟು ದೂರದ್ದಲ್ಲ. 1852ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯ ವಿಲಿಯಂ ಹೆರಪಾತ್, ತನ್ನ ಶಿಷ್ಯನೊಬ್ಬನಿಂದಾಗಿ ಒಂದು ವಿಚಿತ್ರವನ್ನು ಕಂಡ: ಮಲೆನಾಡಿನವರಿಗೆ ಚಳಿಜ್ವರದ ಮದ್ದಾಗಿ ಪರಿಚಿತವಾಗಿದ್ದ ಕ್ವಿನೈನನ್ನು ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೊಡಿನ್ ಬಿದ್ದಾಗ ಹಸಿರು ಹರಳುಗಳು ಮೂಡಿದ್ದವು, ಮತ್ತು ಅವು ಅಡ್ಡಡ್ಡ ಹೇರಿಕೊಂಡಲ್ಲಿ ಕಪ್ಪಾಗುತ್ತಿದ್ದವು. ಅಮೆರಿಕದ ಎಡ್ವಿನ್ ಲ್ಯಾಂಡ್ ಅಂತಹವೇ ಅತಿಸಣ್ಣ ಹರಳುಗಳನ್ನು ಹಾಳೆಯಲ್ಲಿ ಒಂದೇ ದಿಕ್ಕಿಗೆ ಸಾಲಾಗಿಸಿ, 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಇಂದಿನ ಹಾಳೆಯಲ್ಲಿ ಹರಳಿಲ್ಲ, ಜಗ್ಗಿದ ಪ್ಲಾಸ್ಟಿಕ್ಕಿನ ಎಳೆಗಳಿಗೆ ಅಂಟಿದ ಅಯೊಡಿನ್ ಮಾತ್ರ ಉಳಿದಿದೆ. ನಾಯಿಯ ವಿಷಯವನ್ನು ಅಮ್ಮನಿಗೆ ಹೇಳಲಿಲ್ಲ. ಹಾಳೆಯನ್ನು ಅಡಿಗೆಮನೆಯ ಕತ್ತರಿಯಲ್ಲಿ ಕತ್ತರಿಸಿದ್ದೆ.

ಆಮೇಲೆ ಒಂದು ವಾರ ಅಡಿಗೆಮನೆಯ ಡಬ್ಬಗಳೆಲ್ಲ ಒಂದೊಂದಾಗಿ ನನ್ನ ಮೇಜಿಗೆ ಬಂದವು. ಆಲೂಗೆಡ್ಡೆಯನ್ನು ಚಾಕುವಿನಿಂದ ಕೆರೆದು ಒಂದು ಹನಿ ನೀರಿನಲ್ಲಿ ಕದಡಿದರೆ, ಪಿಷ್ಟದ ಪ್ರತಿಯೊಂದು ಕಣದ ಮೇಲೂ ನಾಲ್ಕು ತೋಳಿನ ಕಪ್ಪು ಶಿಲುಬೆಯೊಂದು ಮೂಡುತ್ತದೆ. ಕಡಂಬುಟ್ಟಿಗೆಂದು ಒಡೆದಿಟ್ಟ ಅಕ್ಕಿತರಿಯಲ್ಲಿಯೂ ಅದೇ ಇದೆ, ಆದರೆ ಅಕ್ಕಿಯ ಕಣ ತೀರ ಸಣ್ಣದಾದ್ದರಿಂದ ನಲವತ್ತು ಪಟ್ಟು ಹಿಗ್ಗಿಸುವ ಲೆನ್ಸಿಗೆ ಹೋಗಬೇಕು. ಅಗ್ಗದ ಲೆನ್ಸಿನ ಗಾಜಿನೊಳಗೇ ಬಿಗಿತವಿರುತ್ತದೇನೋ, ಅಲ್ಲಿ ಹಿನ್ನೆಲೆ ಪೂರ್ತಿ ಕಪ್ಪಾಗದೆ ಮೋಡ ಕವಿದ ಮಧ್ಯಾಹ್ನದಂತೆ ಉಳಿಯುತ್ತದೆ. ಗಟ್ಟಿಕಟ್ಟಿದ ಕೊಡಗಿನ ಜೇನು ನಾನು ನೋಡಿದವುಗಳಲ್ಲೆಲ್ಲ ಸೊಗಸಾದದ್ದು: ಹೆಪ್ಪುಗಟ್ಟಿದ ಗ್ಲೂಕೋಸಿನ ಹರಳುಗಳು ಒಂದರೊಳಗೊಂದು ಹೆಣೆದು ಬೆಳಗುತ್ತಿದ್ದವು, ಅವುಗಳ ನಡುವಿನ ನೀರುಜೇನು ಕಪ್ಪಾಗಿತ್ತು. ಕೆಳಗಿನ ಫಿಲ್ಟರಿನ ಮೇಲೆ ಸೆಲ್ಲೋಟೇಪಿನ ಒಂದೆರಡು ಪದರ ಅಂಟಿಸಿದ ಗಾಜಿಟ್ಟರೆ ಕಪ್ಪು ಹಿನ್ನೆಲೆಯೂ ಬಣ್ಣವಾಗುತ್ತದೆ. ನೋಡಲು ಚೆಂದ, ನನಗೇಕೋ ಕಪ್ಪೇ ಇಷ್ಟ.

ಸೋತದ್ದು ಸಿ ಜೀವಸತ್ವದ ಮಾತ್ರೆಯಲ್ಲಿ. ಅದನ್ನು ನೀರಿನಲ್ಲಿ ಕರಗಿಸಿ ಸ್ಲೈಡಿನ ಮೇಲೆ ಒಣಗಿಸಿದರೆ ಹರಳುಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಆದರೆ ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗದ ಊರಿನಲ್ಲಿ ಒಂದು ಹನಿ ನೀರು ತಾನಾಗಿ ಒಣಗುವುದುಂಟೇ? ಮರುದಿನವೂ ಹನಿ ಹನಿಯಾಗಿಯೇ ಇತ್ತು. ಒಲೆಯ ಮೇಲಿನ ಅಟ್ಟದಲ್ಲಿ, ಹಲಸಿನ ಹಪ್ಪಳದ ಪಕ್ಕದಲ್ಲಿ ಇಟ್ಟ ಮೇಲೆ ಒಣಗಿತು. ಬೀಸಣಿಗೆಯೂ ಬಿಚ್ಚಿತು, ಮೇಲೆ ಹೊಗೆಯ ಮಸಿಯೂ ಕೂತಿತು.

ಕಕ್ಕಡದಲ್ಲಿ ಕೆಸುವಿನ ಎಲೆ ಬಾರದ ಮನೆಯಿಲ್ಲ. ಅಮ್ಮ ಪತ್ರೊಡೆಗೆಂದು ಎಲೆ ಆರಿಸಿಕೊಂಡು ಬಿಸಾಡಿದ ದಂಟೊಂದನ್ನು ತಂದು, ತೆಳ್ಳಗೆ ಕೊಯ್ದು ಸ್ಲೈಡಿಗಿಟ್ಟೆ. ಬರಿಯ ಬೆಳಕಿನಲ್ಲಿ ಅದು ಹಸಿರು ಗುಳ್ಳೆಗಳ ಗೊಂದಲ. ಫಿಲ್ಟರನ್ನು ತಿರುಗಿಸಿ ಕತ್ತಲು ಮಾಡಿದೊಡನೆ, ಕಟ್ಟುಕಟ್ಟಾಗಿ ಬಿಗಿದ ಬೆಳ್ಳಗಿನ ಸೂಜಿಗಳು ಅಲ್ಲಲ್ಲಿ ಎದ್ದುನಿಂತವು. ಕೆಲವು ಕಟ್ಟುಗಳು ಒಡೆದು ಸೂಜಿಗಳು ನೀರಿನಲ್ಲಿ ಚೆಲ್ಲಿದ್ದವು. ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಇವು. ಕೆಸು ತಿಂದಾಗ ಗಂಟಲು ಕೆರೆಯುವುದು ಇವುಗಳ ಚುಚ್ಚುವಿಕೆಯಿಂದ. ಈ ಸಲ ಅಮ್ಮ ತಾವಾಗಿಯೇ ಬಂದು ನೋಡಿದರು, ಏನೂ ಹೇಳದೆ ಒಳಗೆ ಹೋಗಿ ಹಿಟ್ಟಿಗೆ ಇನ್ನೊಂದು ಹಿಡಿ ಹುಣಿಸೆ ಹಿಂಡಿದರು. ಪತ್ರೊಡೆ ಬೆಂದ ಮೇಲೆ ಅದರದೊಂದು ಚೂರನ್ನೂ ಕದ್ದು ತಂದು ನೋಡಿದೆ. ಸೂಜಿಗಳು ಅಲ್ಲಿಯೂ ಇದ್ದವು. ಎಲ್ಲರ ಊಟ ಮುಗಿಯುವವರೆಗೆ ಆ ಮಾತೆತ್ತದೆ ನಾನೂ ಎರಡು ತುಂಡು ಹಾಕಿಸಿಕೊಂಡು ತಿಂದೆ.