ಹೊಳೆ ಮೀನು, ಕಾಡುಹಂದಿ, ಕಷ್ಟಕಾಲ: ಪರ-ವಿರೋಧ

ಪ್ರಶ್ನೆ ಇಷ್ಟು. ನಾಳೆ ಏನಾಗುತ್ತೋ ಗೊತ್ತಿಲ್ಲದ ಕಾಲದಲ್ಲಿ, ಮನೆಯ ಹೊಟ್ಟೆಗೆ ಬೇಕಾದಷ್ಟು ಮೀನು ಹಿಡಿಯಲು, ಶಿಕಾರಿ ಮಾಡಲು ಜನರನ್ನು ಬಿಡಬೇಕೇ? ಮಲೆನಾಡಿನ ಒಂದೇ ಮನೆಯಲ್ಲಿ ಬೆಳೆದ ಅಣ್ಣ-ತಂಗಿ ಎರಡು ಕಡೆ ನಿಂತು ಬರೆದಿದ್ದಾರೆ. ಅಣ್ಣ ಊರಲ್ಲಿ ತೋಟ ನೋಡಿಕೊಳ್ಳುತ್ತಾನೆ. ತಂಗಿ ಶಿವಮೊಗ್ಗದಲ್ಲಿ ಪಾಠ ಮಾಡುತ್ತಾಳೆ.

ಪರ: ಅಡಿಕೆ ತಿಂದು ಬದುಕೋಕಾಗುತ್ತಾ?

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ನಮ್ಮೂರಿಗೆ ದಿನಕ್ಕೆರಡು ಸಲ ಬರುತ್ತಿದ್ದ ಬಸ್ಸು ನಿಂತಿತು. ಮಲ್ಪೆಯಿಂದ ಘಾಟಿ ಹತ್ತಿ ಬರುತ್ತಿದ್ದ ಮೀನಿನ ಗಾಡಿ ನಿಂತಿತು. ಕೋಳಿ ತಿಂದರೆ ಕೊರೋನಾ ಬರುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿ ಕೋಳಿ ಅಂಗಡಿಯೂ ಮುಚ್ಚಿತ್ತು. ಮೂರನೇ ವಾರಕ್ಕೆ ಬೇಳೆ ಡಬ್ಬದ ತಳ ಕಂಡಿತು. ನಮಗೆ ಎರಡೂವರೆ ಎಕರೆ ತೋಟ ಇದೆ. ಅದರಲ್ಲಿರುವುದು ಅಡಿಕೆ, ಒಂದಿಷ್ಟು ಕಾಳುಮೆಣಸು. ಅಡಿಕೆ ತಿಂದು ಬದುಕೋಕಾಗುತ್ತಾ?

ಅವತ್ತು ಗಾಳ ಹುಡುಕಿದೆ. ಸಿಕ್ಕಿದ್ದು ತುಕ್ಕು ಹಿಡಿದ ಒಂದೇ ಮುಳ್ಳು. ಅದನ್ನೇ ಕಲ್ಲಿಗೆ ಉಜ್ಜಿ, ಬಚ್ಚಲ ಹಿಂದಿನ ಒದ್ದೆ ಮಣ್ಣಿನಲ್ಲಿ ಎರೆಹುಳ ಅಗೆದುಕೊಂಡು ಹೊಳೆಗೆ ಹೋದೆ. ಮೊದಲ ದಿನ ಒಂದೂ ಬೀಳಲಿಲ್ಲ. ಎರಡನೇ ದಿನ ಎರಡು. ನಾಲ್ಕನೇ ದಿನಕ್ಕೆ ಸಾರಿಗಾಗುವಷ್ಟು. ಚಿಕ್ಕಂದಿನಲ್ಲಿ ಗೊತ್ತಿದ್ದ ವಿದ್ಯೆ ವಾಪಸ್ ಬರಲು ನಾಲ್ಕು ದಿನ ಹಿಡಿಯಿತು. ಗೊತ್ತೇ ಇಲ್ಲದವನಿಗೆ ಎಷ್ಟು ಹಿಡಿಯಬಹುದು? ಕಷ್ಟ ಬಂದ ಮೇಲೆ ಕಲಿಯುತ್ತೇನೆ ಅಂದರೆ ಆಗಲ್ಲ. ನನ್ನ ಅರ್ಧ ವಾದ ಇಷ್ಟೇ.

ಜೂನಿನಲ್ಲಿ ಮಳೆ ಹಿಡಿಯಿತು. ಅಟ್ಟದ ಮೇಲಿಂದ ಅಜ್ಜನ ಕೂಣಿ ಇಳಿಸಿದೆ. ಕೂಣಿ ನೋಡದವರಿಗೆ ಹೇಳಬೇಕು. ಬಿದಿರಿನ ಸೀಳು ಹೆಣೆದು ಮಾಡಿದ ಉದ್ದನೆಯ ಬುಟ್ಟಿ ಅದು. ಬಾಯಿ ಅಗಲ, ಬಾಲ ಸಣ್ಣ. ಬಾಯೊಳಗೆ ಇನ್ನೊಂದು ಸಣ್ಣ ಬಾಯಿ ಇರುತ್ತದೆ, ಚೂಪು ಕಡ್ಡಿಗಳು ಒಳಮುಖವಾಗಿ. ಮೀನು ಒಳಗೆ ನುಗ್ಗಬಹುದು, ತಿರುಗಿ ಬರಲಾಗದು. ಮಳೆ ಜೋರಾದ ಮೊದಲ ವಾರಗಳಲ್ಲಿ ಹೊಳೆ ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ, ಗದ್ದೆಗೆ ಬರುತ್ತದೆ. ಅದಕ್ಕೇ ನಾವು ಹತ್ತುಮೀನು ಅನ್ನುವುದು. ಗದ್ದೆಯಂಚಿನ ಕಂಡಿಯಲ್ಲಿ ಕೂಣಿಯ ಬಾಯಿ ಕೆಳಮುಖ ಮಾಡಿ ಕೂರಿಸಿ, ಎರಡೂ ಕಡೆ ಕೆಸರು, ಸೊಪ್ಪು ತುರುಕಿ ನೀರು ಸೋರದಂತೆ ಮಾಡಬೇಕು. ಸ್ವಲ್ಪ ಸಂದಿ ಬಿಟ್ಟರೂ ಮುಗೀತು, ಮೀನಿಗೆ ನಮಗಿಂತ ಬುದ್ಧಿ ಜಾಸ್ತಿ. ಬೆಳಗಿನ ಜಾವ ಬ್ಯಾಟರಿ ಹಿಡಿದು ಹೋಗಿ ಎತ್ತಿದರೆ ಒಳಗೆ ಪಟಪಟ ಸದ್ದು. ಅಂದು ಐದು ಮುರುಗೋಡು, ಒಂದು ಕೊರವ, ಜೊತೆಗೆ ಯಾರೂ ಕರೆಯದ ಎರಡು ಏಡಿ. ಮುರುಗೋಡನ್ನು ಬೂದಿ ಹಾಕಿ ಕಲ್ಲಿಗೆ ತಿಕ್ಕಿ ಲೋಳೆ ತೆಗೆದು, ವಾಟೆಹುಳಿ ಹಾಕಿ ಸಾರು ಮಾಡಿದರೆ ಕಡುಬು ಲೆಕ್ಕ ಇಟ್ಟು ತಿನ್ನೋಕಾಗಲ್ಲ.

ಹತ್ತುಮೀನು ಕಮ್ಮಿಯಾಗಿದ್ದು ಕೂಣಿಯಿಂದ ಅನ್ನುವವರಿಗೆ ಒಂದು ಮಾತು. ನಮ್ಮ ಬಯಲಿನಲ್ಲಿ ನಾನು ಹುಡುಗನಾಗಿದ್ದಾಗ ಎಲ್ಲ ಕಡೆ ಭತ್ತ. ಈಗ ನಾಲ್ಕು ಗದ್ದೆ ಬಿಟ್ಟರೆ ಮಿಕ್ಕಿದ್ದೆಲ್ಲ ಅಡಿಕೆ. ಮೀನು ಹತ್ತಿ ಬಂದು ಮೊಟ್ಟೆ ಇಡಲು ಗದ್ದೆಯೇ ಇಲ್ಲ. ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟಿದ್ದೇವೆ. ತೋಟಕ್ಕೆ ಹೊಡೆದ ಔಷಧಿ ತೊಳೆದು ಹೋಗುವುದು ಅದೇ ಹಳ್ಳಕ್ಕೆ. ಇಷ್ಟೆಲ್ಲ ಮಾಡಿ ಬಡಪಾಯಿ ಕೂಣಿಯ ಮೇಲೆ ತಪ್ಪು ಹೊರಿಸುವುದು ನ್ಯಾಯ ಅಲ್ಲ.

ಅಡಿಕೆಯಾದರೂ ನಂಬುವ ಹಾಗಿದೆಯಾ? ಕೊಳೆರೋಗ ಮೊದಲಿಂದ ಇತ್ತು. ಈಗ ಎಲೆಚುಕ್ಕಿ ಬಂದು ಹತ್ತಿರದ ಎಷ್ಟೋ ತೋಟ ಒಣಗಿ ನಿಂತಿವೆ. ಅಕ್ಕಿ ಅಂಗಡಿಯಿಂದ, ಬೇಳೆ ಅಂಗಡಿಯಿಂದ, ಎಣ್ಣೆ ಅಂಗಡಿಯಿಂದ. 1965-66ರ ಬರದಲ್ಲಿ ಅಮೆರಿಕದ ಗೋಧಿ ಹಡಗಿನಲ್ಲಿ ಬರುತ್ತಿದ್ದಾಗಲೂ ನಮ್ಮಜ್ಜನಿಗೆ ಅಷ್ಟು ಹೆದರಿಕೆ ಇರಲಿಲ್ಲವಂತೆ. ಕಳಲೆ, ಕೆಸು, ಹಲಸಿನ ಬೀಜ, ಏಡಿ, ಮೀನು. "ಆಷಾಢಕ್ಕೆ ಕಣಜ ಬರಿದಾದರೆ ಹಳ್ಳ ತುಂಬಿರುತ್ತೆ" ಅನ್ನುತ್ತಿದ್ದರು.

ಕಾನೂನಿಗೂ ಇದು ಗೊತ್ತಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನಕ್ಕೆ ನೀರಿನ ಮೀನಿನ ಮೇಲೆ ಹಕ್ಕು ಕೊಟ್ಟಿದೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಯಂತ್ರದ ಬೋಟುಗಳನ್ನು 61 ದಿನ ನಿಲ್ಲಿಸುತ್ತಾರೆ, ನಾಡದೋಣಿಯನ್ನು ಬಿಡುತ್ತಾರೆ. ಯಾಕೆ? ಮನೆಗೆ ಹಿಡಿಯುವವನೂ ಮಾರೋಕೆ ಬಾಚುವವನೂ ಒಂದೇ ಅಲ್ಲ ಅಂತ.

ಇನ್ನು ಹಂದಿ. ಇಲ್ಲಿ ನನಗೆ ಸಿಟ್ಟೇ ಇದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ರಾತ್ರಿ ಹಂದಿ ಹಿಂಡು ಬಂದರೆ ಬೆಳಿಗ್ಗೆ ಗದ್ದೆಯಲ್ಲಿ ಉರುಳುಸೇವೆ ಮಾಡಿದ ಹಾಗಿರುತ್ತದೆ. ನಾಲ್ಕು ಗದ್ದೆ ಉಳಿಸಿಕೊಂಡವರು ಭತ್ತ ಬಿಡುತ್ತಿರುವುದಕ್ಕೆ ಇದೂ ಒಂದು ಕಾರಣ. 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ, ಬೆಳೆ ಹಾಳು ಮಾಡುವ ಪ್ರಾಣಿಯನ್ನು ಹೊಡೆಯಲು ಅಧಿಕಾರಿ ಅನುಮತಿ ಕೊಡಬಹುದು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಹಂದಿಗೆ ಆ ಅನುಮತಿ ಕೊಡುತ್ತಾರೆ. ಆದರೆ ಹೊಡೆದ ಹಂದಿ ಸರ್ಕಾರದ ಆಸ್ತಿ. ಗುಂಡಿ ತೋಡಿ ಹೂಳಬೇಕು. ನನ್ನ ಗದ್ದೆಯ ಭತ್ತ ತಿಂದು ಕೊಬ್ಬಿದ ಪ್ರಾಣಿ! ಅದನ್ನು ಮಣ್ಣಿಗೆ ಹಾಕಿ, ನಾವು ಪೇಟೆಯಿಂದ ಫಾರಂ ಹಂದಿ ತರಬೇಕು.

ಕೊಡಗಿನವರನ್ನು ನೋಡಿ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೇಂದ್ರ 2029ರವರೆಗೆ ವಿನಾಯಿತಿ ಕೊಟ್ಟಿದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತಾರೆ. ಪೂಜೆ ಕಾಡಿನ ಕೋವಿಗೆ, ಪಂದಿಕರಿ ಮಾತ್ರ ಫಾರಂ ಹಂದಿಯದು.

ಹುಲಿ, ಕಡವೆ, ಕಾಡುಕುರಿ ಹೊಡೆಯಲು ಬಿಡಿ ಅಂತ ನಾನು ಕೇಳುತ್ತಿಲ್ಲ. ಗಾಳ, ಕೂಣಿ, ಬೀಸುಬಲೆ ಹಿಡಿದು ಹೊಳೆಗೆ ಹೋದವನನ್ನು ಕಳ್ಳನ ಹಾಗೆ ನೋಡಬೇಡಿ. ಅನುಮತಿ ಪಡೆದು ಹೊಡೆದ ಹಂದಿಯನ್ನು ಹೂಳುವ ಬದಲು ಊರಿಗೆ ಪಾಲು ಹಾಕಿ. ಮೊದಲು ಹಾಗೇ ಇತ್ತು. ಗುಂಡು ಹೊಡೆದವನಿಗೆ ಒಂದು ಪಾಲು ಜಾಸ್ತಿ, ಹಳು ನುಗ್ಗಿ, ಅಂದರೆ ಪೊದೆಗೆ ನುಗ್ಗಿ ಪ್ರಾಣಿ ಎಬ್ಬಿಸಿದವರಿಗೆಲ್ಲ ಸಮಪಾಲು, ನಾಯಿಗೂ ಒಂದು ಪಾಲು. ಶಿಕಾರಿಗೆ ಬರಲಾಗದ ಮುದುಕಿಯ ಮನೆಗೂ ಎಲೆಯಲ್ಲಿ ಕಟ್ಟಿ ಕಳಿಸುತ್ತಿದ್ದರು.

ವಿರೋಧ: ಪಾಲು ಎಷ್ಟು ಬರುತ್ತೆ ಅಣ್ಣ?

ಅಣ್ಣ ಬರೆದಿದ್ದು ಓದಿ ನನಗೂ ಬಾಯಲ್ಲಿ ನೀರು ಬಂತು. ಆದರೆ ಆ ಮುರುಗೋಡು ಕಲ್ಲಿಗೆ ತಿಕ್ಕಿದ್ದು ನಾನು, ಅಂಗೈಗೆ ಮುಳ್ಳು ಹೊಕ್ಕಿದ್ದೂ ನನಗೆ. ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿತ್ತು, ನಾನು ಊರಲ್ಲೇ ಇದ್ದೆ. ಹಾಗಾಗಿ ಆ ದಿನಗಳ ಲೆಕ್ಕ ನನ್ನ ಹತ್ತಿರವೂ ಇದೆ.

ನಾಲ್ಕು ತಿಂಗಳಲ್ಲಿ ಮೀನು ಸಾರು ಎಷ್ಟು ಸಲ ಆಯಿತು? ಹೆಚ್ಚೆಂದರೆ ಹದಿನೈದು ಸಲ. ಮಿಕ್ಕ ದಿನ ಏನು ತಿಂದೆವು? ರೇಷನ್ ಅಕ್ಕಿ. ಆ ಏಪ್ರಿಲ್‌ನಿಂದ ಕೇಂದ್ರ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯ ಪುಕ್ಕಟೆ ಕೊಟ್ಟಿತು. ಸೊಸೈಟಿ ಮುಂದೆ ಸುಣ್ಣದ ವೃತ್ತದಲ್ಲಿ ನಿಂತು ತಂದಿದ್ದು ಅತ್ತಿಗೆ. ಹಿತ್ತಲಿನ ಬಸಳೆ, ಅಮ್ಮನ ಆರು ಕೋಳಿ, ಅದರ ಮೊಟ್ಟೆ. ಇವುಗಳ ಬಗ್ಗೆ ಯಾರೂ ಹೆಮ್ಮೆಯಿಂದ ಬರೆಯಲ್ಲ. ಗಂಡಸರು ಕತ್ತಲಲ್ಲಿ ಬ್ಯಾಟರಿ ಹಿಡಿದು ಹೋಗಿ ತಂದಿದ್ದು ಮಾತ್ರ ಕಥೆ ಆಗುತ್ತೆ.

ಈಗ ಹಂದಿಯ ಪಾಲಿಗೆ ಬರೋಣ. ದೊಡ್ಡದೊಂದು ಹಂದಿ ಹೊಡೆದರು ಅಂತಿಟ್ಟುಕೊಳ್ಳಿ. ಚರ್ಮ, ಕರುಳು, ಮೂಳೆ ತೆಗೆದರೆ 40 ಕೆಜಿ ಮಾಂಸ ಸಿಕ್ಕೀತು. ನಮ್ಮೂರಲ್ಲಿ 80 ಮನೆ. ಮನೆಗೆ ಅರ್ಧ ಕೆಜಿ. ಒಂದು ಊಟ. ತಿಂಗಳಿಗೆ ಎರಡು ಸಲ ಹೀಗೆ ತಿನ್ನಬೇಕಾದರೆ ವರ್ಷಕ್ಕೆ 24 ಹಂದಿ, ನಮ್ಮದೊಂದೇ ಊರಿಗೆ. ಪಕ್ಕದ ಊರಿನವರೂ ಮನುಷ್ಯರೇ ಅಲ್ವಾ? ಅವರಿಗೂ ಹೊಟ್ಟೆ ಇದೆ. ಕಷ್ಟಕಾಲ ಅನ್ನುವುದು ಒಬ್ಬರಿಗೆ ಬರುವುದಲ್ಲ, ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಎಲ್ಲರೂ ಒಂದೇ ವಾರ ಕಾಡಿಗೆ ನುಗ್ಗುತ್ತಾರೆ. ಅಜ್ಜನ ಕಾಲದಲ್ಲಿ ಊರಲ್ಲಿ ಇಪ್ಪತ್ತು ಮನೆಯೂ ಇರಲಿಲ್ಲ, ಸುತ್ತ ಕಾಡಿತ್ತು. ಆ ಲೆಕ್ಕ ಈಗ ನಡೆಯಲ್ಲ.

ಆಗಲಾದರೂ ಎಷ್ಟು ಚೆನ್ನಾಗಿ ನಡೆಯಿತು? 1972ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕಿದ್ದು 1,827 ಹುಲಿ. ಹುಲಿಯನ್ನು ಹೊಟ್ಟೆಗಾಗಿ ಯಾರೂ ಹೊಡೆಯಲಿಲ್ಲ, ಒಪ್ಪುತ್ತೇನೆ. ಆದರೆ ಹುಲಿ ತಿನ್ನುವ ಕಡವೆ, ಜಿಂಕೆ, ಹಂದಿಯನ್ನು ನಾವು ತಿಂದೆವು. ಆಮೇಲೆ ಕಾನೂನು ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಈಗ ಅಣ್ಣನಿಗೆ ಸಿಟ್ಟು ಬರುವಷ್ಟು ಹಂದಿ ಇರುವುದಕ್ಕೆ ಆ ಕಾನೂನೂ ಒಂದು ಕಾರಣ.

ಅಣ್ಣ ಅರಣ್ಯ ಹಕ್ಕು ಕಾಯ್ದೆಯ ಒಂದು ಸಾಲು ಮಾತ್ರ ಹೇಳಿದ. ಅದೇ ಸೆಕ್ಷನ್‌ನಲ್ಲಿ, ಸ್ವಲ್ಪ ಮುಂದೆ, ಬೇರೆ ಯಾವ ಸಾಂಪ್ರದಾಯಿಕ ಹಕ್ಕನ್ನು ಬೇಕಾದರೂ ಕೇಳಬಹುದು, ಬೇಟೆಯ ಹಕ್ಕೊಂದನ್ನು ಬಿಟ್ಟು, ಎಂದಿದೆ. ಸೋಲಿಗರು, ಜೇನುಕುರುಬರಂಥ ಕಾಡಿನ ಮಕ್ಕಳಿಗೇ ಇಲ್ಲದ್ದನ್ನು ಎರಡೂವರೆ ಎಕರೆ ಅಡಿಕೆ ಇಟ್ಟುಕೊಂಡ ನಾವು ಕೇಳುವುದು ಯಾವ ಮುಖದಲ್ಲಿ? ಮೀನನ್ನೂ ಹಂದಿಯನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಅಣ್ಣನ ಜಾಣತನ, ಅಷ್ಟೇ.

ಮೀನಿನ ವಿಷಯದಲ್ಲಿ ನಾನು ಅಷ್ಟು ಬಿಗಿ ಇಲ್ಲ. ಗಾಳ ಹಾಕಲಿ. ಬೇಸಿಗೆಯಲ್ಲಿ ಗುಂಡಿಯ ಹತ್ತಿರ ಕೂರಲಿ. ಆದರೆ ಹತ್ತುಮೀನು? ಆ ಮುರುಗೋಡಿನ ಹೊಟ್ಟೆ ಸೀಳಿದಾಗ ನನ್ನ ಕೈಗೆ ಬಂದಿದ್ದು ರಾಗಿ ಹಾಗಿರುವ ಮೊಟ್ಟೆ, ಹಿಡಿಗಟ್ಟಲೆ. ಅಣ್ಣ ಅದನ್ನೂ ಹುರಿದು ಕೊಡು ಅಂದ. ಬಿತ್ತನೆ ಭತ್ತ ಕುಟ್ಟಿ ತಿಂದ ಹಾಗಾಗಲಿಲ್ವಾ? ಕರಾವಳಿಯ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ ನಿಲ್ಲುವುದು ಮೀನು ಮರಿ ಮಾಡಲಿ ಅಂತ. ನಮ್ಮ ಕೂಣಿ ಇಳಿಯುವುದು ಸರಿಯಾಗಿ ಅದೇ ದಿನಗಳಲ್ಲಿ. ಗದ್ದೆ ಹೋಗಿ ಮೀನು ಕಮ್ಮಿಯಾಗಿದೆ ಅನ್ನುವುದು ನಿಜ. ಹಾಗಿದ್ದರೆ ಉಳಿದದ್ದನ್ನು ಇನ್ನೂ ಜೋಪಾನ ಮಾಡಬೇಕು.

ಎಲ್ಲರೂ ಕೂಣಿ ಹೆಣೆಯುತ್ತಾ ಕೂರುವುದೂ ಇಲ್ಲ. ಹಸಿವಿಗಿಂತ ಅವಸರ ಜಾಸ್ತಿ. ಗುಂಡಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ತೋಟಕ್ಕೆ ತಂದ ಮೈಲುತುತ್ತ ಕದಡುತ್ತಾರೆ, ಮೋಟಾರಿನ ವೈರ್ ಇಳಿಸಿ ಕರೆಂಟ್ ಕೊಡುತ್ತಾರೆ. ಸಾರಿಗಾಗುವುದು ಹತ್ತು ಮೀನು, ಸತ್ತು ತೇಲುವುದು ಗುಂಡಿಗೆ ಗುಂಡಿಯೇ. ಹಳಬರು ಹೀಗೆ ಮಾಡುತ್ತಿರಲಿಲ್ಲ ಅನ್ನಬೇಡಿ. ಕಾರೆಕಾಯಿ ಜಜ್ಜಿ ಹಾಕಿ ಮೀನು ಮಂಪರು ಬರಿಸುತ್ತಿದ್ದುದು ಅವರೇ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನುಗಳಿಗೇ 1996ರಲ್ಲಿ ವಿಷ ಹಾಕಿದರು. ಅಲ್ಲಿ ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದ್ದಾರೆ.

ಶೃಂಗೇರಿ, ಶಿಶಿಲದಲ್ಲಿ ದೇವರ ಹೆಸರಿನಲ್ಲಾದರೂ ಒಂದಿಷ್ಟು ಹೊಳೆ ಉಳಿದಿದೆ. ಅಂಥ ಕಾವಲು ಇಲ್ಲದ ಕಡೆ ಏನಾಗುತ್ತೆ? ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನಿಗೆ 2018ರಲ್ಲಿ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ಮಗುವೇ ಇಲ್ಲದ ಹಾಗೆ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಸಿಕ್ಕಿದ್ದು ಸೊರಬದ ಕ್ಯಾಸನೂರಿನಲ್ಲಿ. ಅದನ್ನು ಹರಡುವುದು ಉಣುಗು, ರಕ್ತ ಹೀರುವ ಸಣ್ಣ ಉಣ್ಣೆ. ಡಿಸೆಂಬರಿನಿಂದ ಮೇ ತನಕ ಅದು ಜಾಸ್ತಿ. ಶಿಕಾರಿಗೆ ಹಳು ನುಗ್ಗುವುದು ಅದೇ ಉಣುಗಿನ ಪೊದೆಯಲ್ಲಿ.

ಅಣ್ಣ ಕೋವಿಯ ಬಗ್ಗೆ ಬರೆದ. ಆದರೆ ಕೋವಿ ಎಷ್ಟು ಮನೆಯಲ್ಲಿದೆ? ತೋಟೆಯ ರೇಟು ಗೊತ್ತಾ? ಬಡವನ ಶಿಕಾರಿ ಕೋವಿಯಲ್ಲಿ ನಡೆಯಲ್ಲ. ಅದು ನಡೆಯುವುದು ಸಿಡಿಮದ್ದಿನಲ್ಲಿ, ಉರುಳಿನಲ್ಲಿ. 2020ರ ಮೇ ಕೊನೆಯಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಒಂದು ಬಸುರಿ ಆನೆ ಬಾಯಿ ಸುಟ್ಟುಕೊಂಡು ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ಹಂದಿಗೆಂದು ತಿನಿಸಿನೊಳಗೆ ಇಟ್ಟ ಮದ್ದು ಅದು. ನಮ್ಮ ಲಾಕ್‌ಡೌನಿನ ದಿನಗಳಲ್ಲೇ. ಹೊಡೆದಿದ್ದು ಯಾವ ಪ್ರಾಣಿ ಅಂತ ಕೋವಿ ಹಿಡಿದವನಿಗಾದರೂ ಕಾಣುತ್ತದೆ. ಉರುಳಿಗೆ ಕಣ್ಣಿಲ್ಲ. ಹಂದಿಗೆ ಕಟ್ಟಿದ್ದಕ್ಕೆ ಚಿರತೆ ಬೀಳುತ್ತದೆ, ಕರು ಬೀಳುತ್ತದೆ. ಅನುಮತಿ ಪಡೆದು ಹೊಡೆದ ಹಂದಿ ತಿನ್ನಬಹುದು ಅಂತ ಒಮ್ಮೆ ಆದರೆ, ಊರಿನ ಯಾವ ಮಾಂಸ ಅನುಮತಿಯದು, ಯಾವುದು ಉರುಳಿನದು ಅಂತ ಯಾರು ಹೇಳುತ್ತಾರೆ? ಬೆಂದ ಮೇಲೆ ಎಲ್ಲ ಒಂದೇ.

ಬೇರೆ ದಾರಿ ಇಲ್ವಾ ಅಂದರೆ ಇದೆ. ತೋಟದ ಮೂಲೆಯ ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಮರಿ ಬಿಡಬಹುದು. ಆರು ಕೋಳಿಯನ್ನು ಹದಿನೈದು ಮಾಡಬಹುದು. ಒಂದು ಗದ್ದೆಯನ್ನಾದರೂ ವಾಪಸ್ ಭತ್ತಕ್ಕೆ ತರಬಹುದು, ಆಗ ಹತ್ತುಮೀನೂ ಬಂದೀತು. ಹೇಳಿದರೆ ಅಣ್ಣ ನಗುತ್ತಾನೆ, ಅಡಿಕೆ ಕಡಿಯೋಕೆ ಯಾರಿಗೆ ಮನಸ್ಸು ಬರುತ್ತೆ ಅಂತ.

ಆ ಜುಲೈನಲ್ಲಿ ನಮ್ಮ ಕಾಳ ಎರಡು ದಿನ ಮನೆಗೆ ಬರಲಿಲ್ಲ. ಶಿಕಾರಿಯಲ್ಲಿ ಒಂದು ಪಾಲು ಅಂತ ಅಣ್ಣ ಬರೆದನಲ್ಲ, ಅಂಥ ನಾಯಿಯೇ. ಮೂರನೇ ದಿನ ಬ್ಯಾಣದ ಬೇಲಿ ಹತ್ತಿರ ಸಿಕ್ಕಿತು. ಬೈಕಿನ ಕ್ಲಚ್ ವೈರ್ ಉರುಳು. ಎಳೆದಷ್ಟೂ ಬಿಗಿದು ಕುತ್ತಿಗೆಯ ಮಾಂಸದೊಳಗೆ ಇಳಿದಿತ್ತು. ನಾನು ತಲೆ ಹಿಡಿದುಕೊಂಡೆ, ಅಣ್ಣ ಕಟಿಂಗ್ ಪ್ಲೇಯರ್ ತಂದು ಕತ್ತರಿಸಿದ. ಕಾಳ ಬದುಕಿತು. ಆ ಜಾಗದಲ್ಲಿ ಮಾತ್ರ ಕೂದಲು ಮತ್ತೆ ಬರಲಿಲ್ಲ. ಉರುಳು ಕಟ್ಟಿದ್ದು ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಅವರ ಮನೆಯಲ್ಲೂ ಆ ವಾರ ಬೇಳೆ ಇರಲಿಲ್ಲ.