ಅವರಿಗೆ 1938 ನೆನಪಿದೆ, ನಮಗೆ 1962 ಮರೆತಿದೆ

2025ರ ಫೆಬ್ರವರಿ 28ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಮತ್ತು ಉಪಾಧ್ಯಕ್ಷ ವ್ಯಾನ್ಸ್ ಸೇರಿಕೊಂಡು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿಯನ್ನು ಕ್ಯಾಮೆರಾ ಎದುರೇ ತರಾಟೆಗೆ ತಗೊಂಡರಲ್ಲ, ಅವತ್ತಿನಿಂದ ಎರಡು ಮೂರು ದಿನ ನನ್ನ ಫೋನು ಸುಮ್ಮನಿರಲಿಲ್ಲ. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಬ್ಬ. "ಸೂಟು ಯಾಕೆ ಹಾಕಿಲ್ಲ" ಅಂತ ಒಬ್ಬ ವರದಿಗಾರ ಕೇಳಿದ್ದು ಎಲ್ಲರಿಗೂ ಹಿಡಿಸಿಬಿಟ್ಟಿತ್ತು. ದಾವಣಗೆರೆಯ ಭಾವ ಬರೆದರು: "ಕೈಚಾಚೋಕೆ ಹೋದವನು ಬಾಯಿ ಕಡಿಮೆ ಮಾಡಬೇಕಪ್ಪಾ."

ಇತ್ತ ಜೆಕ್ ದೇಶದ ರಾಜಧಾನಿ ಪ್ರಾಗ್‌ನ ನನ್ನ ಆಫೀಸಿನ ಗೆಳೆಯರ ಗುಂಪಿನಲ್ಲಿ ಒಬ್ಬರೂ ತಮಾಷೆ ಮಾಡಲಿಲ್ಲ. ತಮಾಷೆ ಗೊತ್ತಿಲ್ಲದ ಜನ ಅಂತಲ್ಲ, ಜೆಕ್ ಜನ ಸಾವಿನ ಮನೆಯಲ್ಲೂ ಜೋಕು ಹೊಡೆಯುವವರು. ಒಬ್ಬ ಬರೀ "ಮ್ಯೂನಿಕ್" ಅಂತ ಹಾಕಿದ. ಮಿಕ್ಕವರು ಯಾರೂ ಅದೇನು ಅಂತ ಕೇಳಲಿಲ್ಲ. ಮಾರ್ಚ್ 3ರ ಸುಮಾರಿಗೆ ಅಮೆರಿಕ ಉಕ್ರೇನಿಗೆ ಕೊಡುತ್ತಿದ್ದ ಮಿಲಿಟರಿ ನೆರವನ್ನೇ ನಿಲ್ಲಿಸಿತು. ಜೆಡ್ಡಾದಲ್ಲಿ ಮಾತುಕತೆ ಆದ ಮೇಲೆ, ಮಾರ್ಚ್ 11ಕ್ಕೆ ಮತ್ತೆ ಶುರು ಮಾಡಿತು. ನಲ್ಲಿ ತಿರುಗಿಸಿದಷ್ಟು ಸಲೀಸು. ಆ ಒಂದು ವಾರ ಇಲ್ಲಿನವರ ಮುಖದಲ್ಲಿ ಇದ್ದದ್ದು ಬೇರೆ ಯಾವುದೋ ದೇಶದ ಚಿಂತೆ ಅಂತ ನನಗೆ ಅನಿಸಲೇ ಇಲ್ಲ.

ಮ್ಯೂನಿಕ್ ಕಥೆ ಚಿಕ್ಕದು. 1938ರ ಸೆಪ್ಟೆಂಬರ್ 30ರಂದು ಹಿಟ್ಲರ್, ಮುಸೊಲಿನಿ, ಬ್ರಿಟನ್ನಿನ ಚೇಂಬರ್‌ಲೇನ್, ಫ್ರಾನ್ಸಿನ ದಲಾದಿಯೆ ನಾಲ್ವರು ಕೂತು ಜೆಕೊಸ್ಲೊವಾಕಿಯಾದ ಗಡಿ ಪ್ರದೇಶವನ್ನು ಜರ್ಮನಿಗೆ ಬರೆದುಕೊಟ್ಟರು. ಆ ನೆಲ ಯಾರದ್ದೋ ಅವರಿಗೆ ಆ ಮೇಜಿನಲ್ಲಿ ಕುರ್ಚಿ ಇರಲಿಲ್ಲ. ಕಷ್ಟಕ್ಕೆ ಬರ್ತೀವಿ ಅಂತ ಒಪ್ಪಂದ ಮಾಡಿಕೊಂಡಿದ್ದ ಫ್ರಾನ್ಸೇ ಸಹಿ ಹಾಕಿತ್ತು. ಅದಕ್ಕೆ ಮೂರು ದಿನ ಮುಂಚೆ ಚೇಂಬರ್‌ಲೇನ್ ರೇಡಿಯೊದಲ್ಲಿ, ಎಲ್ಲೋ ದೂರದ ದೇಶದಲ್ಲಿ ನಮಗೆ ಗೊತ್ತೇ ಇಲ್ಲದ ಜನರ ಜಗಳ ಇದು ಅಂದಿದ್ದರು. ಮುಂದಿನ ಮಾರ್ಚ್ 15ಕ್ಕೆ ಜರ್ಮನ್ ಸೈನ್ಯ ಪ್ರಾಗ್‌ಗೇ ಬಂತು. ಮೂವತ್ತು ವರ್ಷ ತುಂಬುವ ಮೊದಲೇ, 1968ರ ಆಗಸ್ಟಿನಲ್ಲಿ, ಸೋವಿಯತ್ ಟ್ಯಾಂಕುಗಳೂ ಬಂದವು. "ನಮ್ಮ ವಿಷಯ, ನಮ್ಮನ್ನ ಬಿಟ್ಟು" ಅನ್ನುವ ಮಾತು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹಾಗಾಗಿ ಯಾರೋ ಇಬ್ಬರು ದೊಡ್ಡವರು ಮೂರನೆಯವನ ನೆಲದ ಬಗ್ಗೆ ಮಾತಾಡಲು ಕೂತರೆ ಇವರು ಮೊದಲು ಹುಡುಕುವುದು ಮೂರನೆಯವನ ಕುರ್ಚಿಯನ್ನು.

ನನಗೆ ಇಲ್ಲಿ ನಿಜಕ್ಕೂ ಹೊಸದಾಗಿ ಕಂಡದ್ದು ದುಡ್ಡಿನ ವಿಷಯ. ಸರಕಾರದ ದುಡ್ಡಲ್ಲ, ಜನರ ದುಡ್ಡು. 2022ರಲ್ಲಿ ಇಲ್ಲಿ "ಪುಟಿನ್‌ಗೆ ಉಡುಗೊರೆ" ಅಂತ ಒಂದು ಚಂದಾ ಶುರುವಾಯಿತು. ಹನ್ನೊಂದು ಸಾವಿರಕ್ಕೂ ಜಾಸ್ತಿ ಜನ ಸೇರಿ ಸುಮಾರು 3.3 ಕೋಟಿ ಕೊರುನಾ (ಇಲ್ಲಿನ ನಾಣ್ಯ) ಕೂಡಿಸಿ, ಒಂದು ಟಿ-72 ಟ್ಯಾಂಕ್ ಕೊಂಡು ಉಕ್ರೇನಿಗೆ ಕಳಿಸಿದರು. ಅದಕ್ಕೆ "ತೊಮಾಶ್" ಅಂತ ಹೆಸರು ಬೇರೆ ಇಟ್ಟರು! ಗಣೇಶನ ಹಬ್ಬಕ್ಕೆ, ಊರ ಜಾತ್ರೆಗೆ ಚಂದಾ ಎತ್ತಿ ಗೊತ್ತಿದ್ದ ನನಗೆ ಟ್ಯಾಂಕಿಗೆ ಚಂದಾ ಎತ್ತುತ್ತಾರೆ ಅನ್ನುವುದು ನಂಬಲಾಗದ ಮಾತು. ಪಕ್ಕದ ಸೀಟಿನಲ್ಲಿ ಕೂರುವ ಹೆಂಗಸು, ಪೈಸೆ ಪೈಸೆ ಲೆಕ್ಕ ಇಡುವವರು, ತಾನೂ ಐನೂರು ಕೊರುನಾ ಹಾಕಿದ್ದೇನೆ ಅಂದರು. ಯಾಕೆ ಅಂತ ಕೇಳಿದೆ. "ಸರಕಾರ ಇವತ್ತು ಇರುತ್ತೆ, ನಾಳೆ ಬೇರೆ ಬರುತ್ತೆ. ಇದು ನಂದು" ಅಂದರು.

ಅವರು ಹೇಳಿದ್ದು ಹಾಗೇ ಆಯಿತು. 2024ರ ಫೆಬ್ರವರಿಯಲ್ಲಿ ಇಲ್ಲಿನ ಅಧ್ಯಕ್ಷ ಪೆತ್ರ್ ಪಾವೆಲ್, ಜಗತ್ತಿನ ಬೇರೆ ಬೇರೆ ಕಡೆ ಎಂಟು ಲಕ್ಷ ಫಿರಂಗಿ ಗುಂಡು ಸಿಗುತ್ತವೆ, ದುಡ್ಡು ಕೊಡಿ, ಉಕ್ರೇನಿಗೆ ಮುಟ್ಟಿಸುತ್ತೇವೆ ಅಂದಿದ್ದರು. ಆ ಮಾತು ಹೇಳಿದ್ದೂ ಮ್ಯೂನಿಕ್‌ನಲ್ಲೇ ನೋಡಿ, ಅಲ್ಲಿನ ಭದ್ರತಾ ಸಮ್ಮೇಳನದಲ್ಲಿ. 2025ರ ಅಕ್ಟೋಬರ್ ಚುನಾವಣೆಯಲ್ಲಿ, ಇದಕ್ಕೆಲ್ಲ ನಮ್ಮ ದುಡ್ಡು ಯಾಕೆ ಅನ್ನುತ್ತಿದ್ದ ಬಾಬಿಶ್ ಅವರ ಪಕ್ಷ ಗೆದ್ದಿತು. ನವೆಂಬರಿನಲ್ಲಿ ಸಂಸತ್ತಿನ ಹೊಸ ಸ್ಪೀಕರ್ ಒಕಾಮುರಾ ಕಟ್ಟಡದ ಮೇಲಿದ್ದ ಉಕ್ರೇನ್ ಬಾವುಟ ಇಳಿಸಿಬಿಟ್ಟರು. ವಿರೋಧ ಪಕ್ಷದವರು ತಮ್ಮ ತಮ್ಮ ಕೋಣೆಯ ಕಿಟಕಿಗೆ ಅದೇ ಬಾವುಟ ನೇತುಹಾಕಿದರು. ಒಂದು ಇಳಿಸಿದರೆ ಹಲವು ಏರಿದವು. ಗುಂಡಿನ ಯೋಜನೆಯನ್ನು, ಪ್ರಧಾನಿಯಾದ ಬಾಬಿಶ್ ಕೊನೆಗೂ ನಿಲ್ಲಿಸಲಿಲ್ಲ. ಮುಂದುವರಿಯಲಿ, ಆದರೆ ಜೆಕ್ ಖಜಾನೆಯಿಂದ ದುಡ್ಡು ಕೊಡಲ್ಲ ಅಂದರು.

ಹಾಗಂತ ಇಲ್ಲಿನವರು ಎಲ್ಲರೂ ಕರ್ಣನ ವಂಶದವರಲ್ಲ. 2022ರ ಫೆಬ್ರವರಿ ಕೊನೆಯಲ್ಲಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಉಕ್ರೇನಿನ ಪರವಾಗಿ ಹತ್ತಾರು ಸಾವಿರ ಜನ ಸೇರಿದ್ದರು. ಅದೇ ಸೆಪ್ಟೆಂಬರ್ 3ಕ್ಕೆ ಅದೇ ಚೌಕದಲ್ಲಿ, ಪೊಲೀಸರ ಅಂದಾಜಿನಂತೆ 70,000 ಜನ, ಗ್ಯಾಸು ಕರೆಂಟಿನ ಬಿಲ್ಲು ಕಟ್ಟೋರು ಯಾರು, ನಮ್ಮ ದೇಶ ಮೊದಲು ಅಂತ ಕೂಗಿದರು. ಒಂದು ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶಕ್ಕೆ ಲಕ್ಷಗಟ್ಟಲೆ ನಿರಾಶ್ರಿತರು ಬಂದರೆ ಗೊಣಗಾಟ ಬರದೇ ಇರುತ್ತಾ? ನಮ್ಮ ಕಟ್ಟಡದ ನಲ್ಲಿ ರಿಪೇರಿಯವನು ಬಂದಾಗಲೆಲ್ಲ ಬಾಡಿಗೆ ಏರಿದ್ದಕ್ಕೆ ಉಕ್ರೇನಿನವರನ್ನೇ ಬೈಯುತ್ತಾನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ನಮ್ಮ ಗಾದೆ ಅವನಿಗೆ ಜೆಕ್ ಭಾಷೆಯಲ್ಲಿ ಸಿಕ್ಕಿದ್ದರೆ ದಿನಾ ಹೇಳುತ್ತಿದ್ದ. ಆದರೂ ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಅವನು ಕೊಟ್ಟಿದ್ದಾನೆ. ಕೊಟ್ಟವನಿಗೆ ಗೊಣಗುವ ಹಕ್ಕೂ ಇರುತ್ತದೆ. ಏನೂ ಕೊಡದೆ, ದೂರದಲ್ಲಿ ಕೂತು, ಇಸ್ಕೊಂಡವನ ಅಂಗಿಯ ಬಗ್ಗೆ ನಗುವುದು ಬೇರೆ ಜಾತಿಯದು.

ನಮ್ಮವರಿಗೆ ಕರುಳಿಲ್ಲ ಅಂತ ಹೇಳುತ್ತಿಲ್ಲ. 2018ರಲ್ಲಿ ಕೊಡಗು ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ಅಕ್ಕಿ, ಕಂಬಳಿ, ರೊಟ್ಟಿ ಹೊತ್ತ ಲಾರಿಗಳು ಯಾರೂ ಹೇಳದೆಯೇ ಹೊರಟವು. ಉಕ್ರೇನ್ ಯುದ್ಧವೂ ನಮ್ಮ ಮನೆ ಬಾಗಿಲಿಗೇ ಬಂದಿತ್ತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಸತ್ತವನು ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ, ದಿನಸಿ ತರಲು ಹೊರಗೆ ಹೋದ ಹುಡುಗ. ಆಗ ಇಡೀ ರಾಜ್ಯ ಅತ್ತಿತು. ಆದರೆ ವಾರದೊಳಗೆ ಚರ್ಚೆ ಎಲ್ಲಿಗೆ ಹೋಯಿತು? ಮೆಡಿಕಲ್ ಸೀಟಿಗೆ, ಡೊನೇಷನ್‌ಗೆ, ನೀಟ್‌ಗೆ. ಅದೂ ಬೇಕಾದ ಚರ್ಚೆಯೇ. ಆದರೆ ಆ ಶೆಲ್ ಹಾರಿಸಿದವರು ಯಾರು ಅನ್ನುವ ಮಾತು ಎಲ್ಲೋ ಜಾರಿಹೋಯಿತು. ಹೊರದೇಶದ ವ್ಯವಹಾರ ಅಂದರೆ ಅದು ದೆಹಲಿಯ ದೊಡ್ಡವರದು, ನಮ್ಮದೇನಿದ್ದರೂ ನೋಡುವ ಕೆಲಸ ಅಂತ ನಾವು ತೀರ್ಮಾನಿಸಿಬಿಟ್ಟಿದ್ದೇವೆ. ನೋಡುವ ಕೆಲಸ ಅಂದಮೇಲೆ ಅದು ಕ್ರಿಕೆಟ್ ಆಗಲೇಬೇಕು ಅಲ್ವಾ? ಯಾರು ಯಾರಿಗೆ ಸಿಕ್ಸರ್ ಹೊಡೆದರು, ಅಷ್ಟೇ.

ಭಾವನ "ಕೈಚಾಚೋಕೆ ಹೋದವನು" ಅನ್ನುವ ಮಾತು ನನಗೆ ಚುಚ್ಚಿದ್ದು ಅದಕ್ಕಲ್ಲ. ನಾವೂ ಕೈಚಾಚಿದವರು, ಅದಕ್ಕೆ.

1962ರ ಅಕ್ಟೋಬರ್ 20ರಂದು ಚೀನಾ ನುಗ್ಗಿತು. ನಾವು ನೆಂಟರು ಅಂದುಕೊಂಡಿದ್ದ ಸೋವಿಯತ್ ಒಕ್ಕೂಟ ಆಗ ಕ್ಯೂಬಾದಲ್ಲಿಟ್ಟ ಕ್ಷಿಪಣಿಗಳ ಬಗ್ಗೆ ಅಮೆರಿಕದ ಜೊತೆಗಿನ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು, ಅದಕ್ಕೆ ಚೀನಾ ಬೇಕಾಗಿತ್ತು. ಅಕ್ಟೋಬರ್ 25ರ 'ಪ್ರಾವ್ದಾ', ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ, ಚೀನಾದ ಪ್ರಸ್ತಾಪವನ್ನೇ ಒಪ್ಪಿಕೊಳ್ಳಿ ಅನ್ನುವ ಧಾಟಿಯಲ್ಲಿ ಬರೆಯಿತು. ಕ್ಯೂಬಾ ತಣ್ಣಗಾದ ಮೇಲೆ ದನಿಯೂ ಬದಲಾಯಿತು. ಅತ್ತ, ಯಾವ ಬಣಕ್ಕೂ ಸೇರಲ್ಲ ಅನ್ನುತ್ತಿದ್ದ ನೆಹರೂ ಅಮೆರಿಕದ ಶಸ್ತ್ರಾಸ್ತ್ರ ತರಿಸಿಕೊಂಡರು. ನವೆಂಬರ್ 19ರಂದು ಒಂದೇ ದಿನ ಅಮೆರಿಕದ ಅಧ್ಯಕ್ಷ ಕೆನಡಿಗೆ ಎರಡು ಪತ್ರ ಬರೆದು, ಹನ್ನೆರಡು ಸ್ಕ್ವಾಡ್ರನ್ ಯುದ್ಧವಿಮಾನ ಕಳಿಸಿ ಅಂದರು. ನಮ್ಮಲ್ಲಿ ಊರೂರಲ್ಲಿ ಹೆಂಗಸರು ಕೈಬಳೆ, ಕಿವಿಯೋಲೆ ಬಿಚ್ಚಿ ರಕ್ಷಣಾ ನಿಧಿಗೆ ಕೊಡುತ್ತಿದ್ದರು. ಆ ಪತ್ರ ಬರೆದದ್ದಕ್ಕೆ ನೆಹರೂ ಅವರನ್ನು ನಾನು ಆಡಿಕೊಳ್ಳಲಾರೆ. ಮನೆಗೆ ಬೆಂಕಿ ಬಿದ್ದವನು ಮತ್ತೇನು ಮಾಡುತ್ತಾನೆ?

ನವೆಂಬರ್ 21ಕ್ಕೆ ಚೀನಾ ತಾನೇ ಕದನವಿರಾಮ ಘೋಷಿಸಿತು. ನೆರವಿನ ಬಿಲ್ಲು ಆಮೇಲೆ ಬಂತು. ಅಮೆರಿಕದ ಹ್ಯಾರಿಮನ್, ಬ್ರಿಟನ್ನಿನ ಸ್ಯಾಂಡಿಸ್ ದೆಹಲಿಗೆ ಬಂದು ಕೂತರು. ಇನ್ನೂ ಬೇಕಾ? ಹಾಗಾದರೆ ಕಾಶ್ಮೀರದ ಬಗ್ಗೆ ಪಾಕಿಸ್ತಾನದ ಜೊತೆ ಮಾತಾಡಿ. ನಮ್ಮ ಮಂತ್ರಿ ಸ್ವರಣ್ ಸಿಂಗ್ ಮತ್ತು ಪಾಕಿಸ್ತಾನದ ಭುಟ್ಟೊ 1963ರ ಮೇವರೆಗೆ ಆರು ಸುತ್ತು ಮಾತಾಡಿದರು, ಏನೂ ಹುಟ್ಟಲಿಲ್ಲ. 2025ರ ಏಪ್ರಿಲ್ 30ರಂದು ಉಕ್ರೇನು ತನ್ನ ಖನಿಜದ ಒಪ್ಪಂದಕ್ಕೆ ಅಮೆರಿಕದ ಜೊತೆ ಸಹಿ ಹಾಕಿದ ಸುದ್ದಿ ಓದುವಾಗ ನನಗೆ ನೆನಪಾದದ್ದು ಆ ಆರು ಸುತ್ತು.

ಇದನ್ನೆಲ್ಲ ಗುಂಪಿನಲ್ಲಿ ಹಾಕಿದೆ. ಭಾವ ಬಿಡುವವರಲ್ಲ. "1971 ಮರೆತೆಯಾ? ಅಮೆರಿಕದ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದಾಗ ನಮ್ಮ ಬೆನ್ನಿಗೆ ನಿಂತವರು ಯಾರು?" ಮರೆತಿಲ್ಲ. ಆ ಡಿಸೆಂಬರಿನಲ್ಲಿ ಭದ್ರತಾ ಮಂಡಳಿಯಲ್ಲಿ ಸೋವಿಯತ್ ಒಕ್ಕೂಟ ನಮಗಾಗಿ ಮತ್ತೆ ಮತ್ತೆ ವಿಟೊ ಹಾಕಿದ್ದು ದೊಡ್ಡ ಉಪಕಾರವೇ. ಆ ಋಣ ಭಾವನಂಥವರ ಮನಸ್ಸಿನಲ್ಲಿ ಇರುವುದು ತಪ್ಪಲ್ಲ. ಜೆಕ್ ಜನರಿಗೆ ಯಾರು ಕೈಬಿಟ್ಟರು ಅನ್ನುವುದು ನೆನಪು, ನಮಗೆ ಯಾರು ಕೈಹಿಡಿದರು ಅನ್ನುವುದು.

ಆದರೆ ಆ ಒಕ್ಕೂಟದಲ್ಲಿ ಉಕ್ರೇನಿನ ರಾಜಧಾನಿ ಕೀವ್ ಕೂಡ ಇತ್ತಲ್ಲ. ಲೇಹ್‌ನ ಸೈನಿಕರಿಗೆ ಸಾಮಾನು ಹೊತ್ತುಕೊಂಡು ಹೋಗುವ ನಮ್ಮ ವಾಯುಸೇನೆಯ ಎಎನ್-32 ವಿಮಾನ ತಯಾರಾದದ್ದು ಕೀವ್‌ನಲ್ಲಿ. ನಮ್ಮ ತಲ್ವಾರ್ ಸರಣಿಯ ಯುದ್ಧನೌಕೆಗಳನ್ನು ಓಡಿಸುವ ಗ್ಯಾಸ್ ಟರ್ಬೈನು ಉಕ್ರೇನಿನ ಮಿಕೊಲಾಯಿವ್ ಊರಿನದು. ಋಣದ ಲೆಕ್ಕ ತೆಗೆಯುವುದಾದರೆ ಇದನ್ನೂ ಬರೆದುಕೊಳ್ಳಿ ಭಾವ ಅಂದೆ. ಅವರು ಒಂದು ಹೆಬ್ಬೆಟ್ಟು ಹಾಕಿದರು. ಒಪ್ಪಿದರೋ, ಸಾಕು ಮಾಡು ಅಂದರೋ, ಯಾರಿಗೆ ಗೊತ್ತು.