ಹೆದ್ದಾರಿಗೆ ಮಾತು ಬರುವ ಮುಹೂರ್ತ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂದೊಂದು ದಿನ ವಾಹನಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿವೆಯಂತೆ. ತಾನಿರುವ ಜಾಗ, ವೇಗ, ದಿಕ್ಕು, ಬ್ರೇಕು ಒತ್ತಿದ ಸುದ್ದಿ ಎಲ್ಲವನ್ನೂ ಪ್ರತಿ ವಾಹನವೂ ಸೆಕೆಂಡಿಗೆ 10 ಬಾರಿ ರೇಡಿಯೋ ಅಲೆಯಲ್ಲಿ ಸಾರುತ್ತದೆ. ಸುತ್ತ ಸುಮಾರು 300 ಮೀಟರ್ ದೂರದೊಳಗಿನ ವಾಹನಗಳೂ ರಸ್ತೆಬದಿಯ ಕಂಬಕ್ಕೆ ಕಟ್ಟಿದ ಪೆಟ್ಟಿಗೆಗಳೂ ಅದನ್ನು ಕಿವಿಗೊಟ್ಟು ಕೇಳುತ್ತವೆ. ನಮ್ಮೂರ ರಸ್ತೆಯುಬ್ಬಿಗೆ ಬಿಳಿ ಪಟ್ಟೆ ಬಳಿಯಿರೆಂದು ವರ್ಷಕ್ಕೊಂದರಂತೆ ಅರ್ಜಿ ಕೊಡುತ್ತ ಬಂದಿರುವ ನನಗೆ, ಸೆಕೆಂಡಿಗೆ ಹತ್ತು ಅರ್ಜಿ ಕೇಳಿಸಿಕೊಳ್ಳುವ ಪೆಟ್ಟಿಗೆಯ ಮೇಲೆ ಆಗಲೇ ಭಕ್ತಿ ಹುಟ್ಟಿದೆ.

ಹಾಗೆಂದು ಈಗಿನ ಹೆದ್ದಾರಿ ಪೂರ್ತಿ ಮೂಗಿಯೇನಲ್ಲ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗಲೇ ಅದು ತೊದಲಲು ಕಲಿತಿತು. ಕಲಿತ ಮೊದಲ ಮಾತು ‘ಕೊಡು’. ಎರಡನೆಯ ಮಾತು ಇನ್ನೂ ಬಂದಿಲ್ಲ.

ಅಮೆರಿಕದವರು ಈ ಹರಟೆಗೆಂದೇ 1999ರಲ್ಲಿ 5.9 ಗಿಗಾಹರ್ಟ್ಸ್ ರೇಡಿಯೋ ತರಂಗಪಟ್ಟಿಯಲ್ಲಿ 75 ಮೆಗಾಹರ್ಟ್ಸ್‌ನಷ್ಟು ಜಾಗ ಮೀಸಲಿಟ್ಟರು. ಎರಡು ದಶಕ ಕಳೆದರೂ ಅಲ್ಲಿ ಮೇಯಲು ಹೆಚ್ಚು ದನಗಳು ಬಾರದ್ದನ್ನು ಕಂಡು, 2020ರಲ್ಲಿ ಅದರಲ್ಲಿ 45ನ್ನು ವೈಫೈಗೆ ಹಂಚಿಬಿಟ್ಟರು. ಗೋಮಾಳವನ್ನು ನಿವೇಶನ ಮಾಡುವ ವಿದ್ಯೆ ನಮ್ಮೊಬ್ಬರದೇ ಎಂಬ ನನ್ನ ಹೆಮ್ಮೆ ಅಂದಿಗೆ ಮುರಿಯಿತು.

ಈ ವ್ಯವಸ್ಥೆಯ ಮೂಲನಿಯಮವೆಂದರೆ, ರೇಡಿಯೋ ಇದ್ದವರ ಮಾತು ಮಾತ್ರ ಕೇಳಿಸುತ್ತದೆ. ನಮ್ಮಲ್ಲಿ ಡಿವೈಡರ್ ಒಡೆದು ಮಾಡಿಕೊಂಡ ಕಿಂಡಿಯಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ತಟ್ಟನೆ ನುಗ್ಗುತ್ತದೆ. ಅದರ ಬಳಿ ಹಾರ್ನೇ ಇಲ್ಲ, ರೇಡಿಯೋ ಎಲ್ಲಿಂದ ಬರಬೇಕು? ಕಿಂಡಿಗೊಬ್ಬ ಓಬವ್ವನನ್ನು ನಿಲ್ಲಿಸುವುದೇ ಅಗ್ಗವಾದೀತು. ಇನ್ನು ಪೆಟ್ಟಿಗೆಗೆ ವಿದ್ಯುತ್ತು: ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದರೂ ಕೆಳಗಿನ ಬೀದಿದೀಪ ಉರಿಯದ ನಾಡಿನಲ್ಲಿ ಆ ಮಾತು ಎತ್ತದಿರುವುದೇ ಸಭ್ಯತೆ.

ನನಗೆ ನಿಜವಾದ ಚಿಂತೆಯಿರುವುದು ಹುರುಳಿಯದು. ಸುಗ್ಗಿಯಲ್ಲಿ ನಮ್ಮ ರೈತರು ರಸ್ತೆಯನ್ನೇ ಕಣವಾಗಿಸಿ ಹುರುಳಿಯ ಸೊಪ್ಪು ಹರಡುತ್ತಾರೆ. ಪೊಲೀಸರು ಬೇಡವೆಂದರೂ ಲಾರಿ, ಬಸ್ಸುಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ವಾಹನಕ್ಕೂ ಊರಿಗೂ ಇದಕ್ಕಿಂತ ಬಿಗಿಯಾದ ಸಂಪರ್ಕವನ್ನು ಯಾವ ತಂತ್ರಜ್ಞ ಬೆಸೆಯಬಲ್ಲ? ನಾಳೆ ಮೊದಲ ಕಾರು ‘ಮುಂದೆ ಅಡಚಣೆಯಿದೆ’ ಎಂದು ಸಾರಿದೊಡನೆ ಹಿಂದಿನವೆಲ್ಲ ಶಿಸ್ತಾಗಿ ಪಕ್ಕದ ಪಥಕ್ಕೆ ಸರಿಯುತ್ತವೆ. ಸಂಜೆಯವರೆಗೂ ಒಂದು ಚಕ್ರವೂ ಹತ್ತದ ರಾಶಿಯ ಮುಂದೆ ಕುಳಿತ ರೈತ, ಕೊನೆಗೆ ಮೇಲೆದ್ದು, ಖಾಲಿ ಗೋಣಿಚೀಲವೊಂದನ್ನು ಕೊಡವಿಕೊಂಡು ಕಂಬದ ಪೆಟ್ಟಿಗೆಯತ್ತ ನಡೆಯುತ್ತಾನೆ.